ಮಂದ್ರಕ್ಕೆ ತೆತ್ತ ಬೆಲೆ

ಬೇಸ್ ಗಿಟಾರ್ ನುಡಿಸುವವರು ಕೊಳ್ಳುವ ಸಾಮಾನಿನ ಇತಿಹಾಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೆಲೆಗಳ ಕಥೆ ಇದೆ. ಒಂದು ಕಾಲಬುಡದಲ್ಲಿರುವ ಎಫೆಕ್ಟ್ ಪೆಡಲಿನದು, ಇನ್ನೊಂದು ಬೆನ್ನ ಹಿಂದೆ ನಿಲ್ಲುವ ಸ್ಪೀಕರ್ ಪೆಟ್ಟಿಗೆಯದು. ಅರವತ್ತು ವರ್ಷಗಳಲ್ಲಿ ಮೊದಲನೆಯದರ ಬೆಲೆ ಹತ್ತರಲ್ಲೊಂದು ಪಾಲಿಗೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿದಿದೆ. ಎರಡನೆಯದು ಅಷ್ಟು ಇಳಿಯಲಿಲ್ಲ, ಇಳಿಯುವಂತೆಯೂ ಇಲ್ಲ. ಪೆಡಲಿನ ಕೆಲಸ ತಂತಿಯೊಳಗೆ ಹರಿಯುವ ಸಂಕೇತವನ್ನು ತಿದ್ದುವುದು, ಪೆಟ್ಟಿಗೆಯ ಕೆಲಸ ಕೋಣೆಯ ಗಾಳಿಯನ್ನು ತಳ್ಳುವುದು. ಸಂಕೇತ ತಿದ್ದುವ ಕೆಲಸ ಟ್ರಾನ್ಸಿಸ್ಟರಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಸಾಫ್ಟ್‌ವೇರಿಗೆ ಇಳಿಯುತ್ತಾ ಅಗ್ಗವಾಯಿತು. ಗಾಳಿ ಮಾತ್ರ 1951ರಲ್ಲಿ ಎಷ್ಟು ಹಟಮಾರಿಯಾಗಿತ್ತೋ ಇಂದೂ ಅಷ್ಟೇ ಹಟಮಾರಿ. ಕೈಯಲ್ಲಿ ಕಡಿಮೆ ಹಣವಿರುವ ವಾದಕರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ: ಹೊಳೆಯುವ ಪೆಡಲುಗಳಿಗೆ ಧಾರಾಳವಾಗಿ ಖರ್ಚುಮಾಡಿ, ಉಳಿದ ಚಿಲ್ಲರೆಯಲ್ಲಿ ಸಿಕ್ಕ ಪೆಟ್ಟಿಗೆಗೆ ಒಪ್ಪಿಕೊಳ್ಳುತ್ತಾರೆ. ಈ ವಾದ್ಯದ ಏಳು ದಶಕಗಳ ದಾಖಲೆ ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿಸುತ್ತದೆ ಎನ್ನುವುದು ನನ್ನ ವಾದ. ಹಣವಿದ್ದಷ್ಟೂ ಪೆಟ್ಟಿಗೆಗೆ ಹೋಗಬೇಕು. ಪೆಡಲನ್ನು ಅಗ್ಗದಲ್ಲಿ ಕೊಂಡರೆ ನಷ್ಟವಿಲ್ಲ, ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಗೊತ್ತಿದ್ದರೆ ಸಾಕು.

ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ರೇಡಿಯೊ ರಿಪೇರಿಯಿಂದ ಮೇಲೆ ಬಂದ ಲಿಯೊ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಹೊರತಂದರು. ಅದಕ್ಕೆ ಮೊದಲು ವಾದ್ಯವೃಂದದಲ್ಲಿ ಮಂದ್ರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದರ ದೊಡ್ಡ ಮರದ ಹೊಟ್ಟೆಯೇ ಅದರ ಧ್ವನಿವರ್ಧಕ. ಫೆಂಡರ್ ಆ ಹೊಟ್ಟೆಯನ್ನು ತೆಗೆದು ಗಟ್ಟಿ ಹಲಗೆಯನ್ನಿಟ್ಟರು, ಮೆಟ್ಟಿಲುಗಳನ್ನು ಕೂರಿಸಿದರು, ವಾದ್ಯವನ್ನು ಹೆಗಲಿಗೆ ಏರಿಸಿದರು. ಹೊಟ್ಟೆ ಮಾಯವಾಗಲಿಲ್ಲ, ವಾದ್ಯದಿಂದ ಕಳಚಿ ಬೇರೊಂದು ಪೆಟ್ಟಿಗೆಯಾಗಿ ವೇದಿಕೆಯ ಮೇಲೆ ನಿಂತಿತು, ಅಷ್ಟೆ. ಮರುವರ್ಷ, 1952ರಲ್ಲಿ, ಅದೇ ಕಂಪನಿ ‘ಬಾಸ್‌ಮ್ಯಾನ್’ ಎಂಬ ಆಂಪ್ಲಿಫೈಯರನ್ನು ತಂದದ್ದು ಆ ಹೊಟ್ಟೆಯ ಕೆಲಸಕ್ಕೇ. ಒಳಗಿದ್ದುದು 15 ಇಂಚಿನ ಒಂದೇ ಸ್ಪೀಕರ್. ಬೇಸಿನ ಅತಿ ದಪ್ಪ ತಂತಿಯ ಬಿಡಿಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದ್ದು, ಅಂದರೆ 41 ಹರ್ಟ್ಸ್. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದವೇ ಎಂಟು ಮೀಟರಿಗೂ ಹೆಚ್ಚು. ಅಂಥ ಅಲೆಯನ್ನು ಎಬ್ಬಿಸಲು ಅಂದಿನ ಸ್ಪೀಕರುಗಳ ಕಾಗದದ ಕೋನುಗಳಿಗೆ ಶಕ್ತಿ ಸಾಲುತ್ತಿರಲಿಲ್ಲ. 1950ರ ದಶಕದ ನಡುವಿಗೆ ಫೆಂಡರ್ ಒಂದರ ಬದಲು ನಾಲ್ಕು 10 ಇಂಚಿನ ಸ್ಪೀಕರುಗಳನ್ನು ಹಾಕಿದರು, ಪೆಟ್ಟಿಗೆಯ ಹಿಂಬದಿಯನ್ನು ತೆರೆದೇ ಇಟ್ಟರು. ಕೋನಿನ ಹಿಂದಿನಿಂದ ಹೊರಟ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುವುದು ತೆರೆದ ಪೆಟ್ಟಿಗೆಯ ಗುಣ. ಸ್ವರ ಕೆಳಗಿಳಿದಷ್ಟೂ ಈ ಅಳಿಸುವಿಕೆ ಹೆಚ್ಚು. ಹೀಗಾಗಿ ಬೇಸಿಗೆಂದು ಹುಟ್ಟಿದ ಬಾಸ್‌ಮ್ಯಾನ್ ಬೇಸಿಗೆ ಅರೆಬರೆ ಒದಗಿ, ಗಿಟಾರ್ ವಾದಕರ ಕಣ್ಮಣಿಯಾಯಿತು. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನ ಡ್ರಮ್ ಅಂಗಡಿಯ ಯಜಮಾನ ಜಿಮ್ ಮಾರ್ಷಲ್, ಅಮೆರಿಕದಿಂದ ಆಮದಾದ ಆಂಪ್ಲಿಫೈಯರಿನ ಬೆಲೆ ಲಂಡನ್ನಿನ ಹುಡುಗರಿಗೆ ನಿಲುಕದ್ದರಿಂದ, ಬಾಸ್‌ಮ್ಯಾನಿನ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು ತಮ್ಮದನ್ನು ಕಟ್ಟಿಸಿದರು. ರಾಕ್ ಸಂಗೀತದ ಗಿಟಾರ್ ನಾದವೆಂದು ಜಗತ್ತು ಗುರುತಿಸುವುದರ ಬೇರು ಹೀಗೆ ಒಂದು ಬೇಸ್ ಆಂಪ್ಲಿಫೈಯರಿನಲ್ಲಿದೆ, ಅದಕ್ಕೆ ಕಾರಣ ಸರ್ಕ್ಯೂಟಲ್ಲ, ಪೆಟ್ಟಿಗೆ. ಆ ಸರ್ಕ್ಯೂಟು ಬೇಸಿಗೂ ಸಾಲುತ್ತಿತ್ತು. ಗಾಳಿ ತಳ್ಳುವ ಏರ್ಪಾಡು ಮಾತ್ರ ಸಾಲದೇ ಹೋಯಿತು.

ಈ ಮಾತಿಗೆ ಪುರಾವೆ ಬೇಕೆಂದರೆ ಅದೇ ಕಾಲದ ಇನ್ನೊಂದು ಕಂಪನಿಯನ್ನು ನೋಡಬಹುದು. ಎವರೆಟ್ ಹಲ್ ಎಂಬ ಬೇಸ್ ವಾದಕ 1940ರ ದಶಕದಲ್ಲಿ ಡಬಲ್ ಬೇಸ್ ನಿಲ್ಲುವ ಗೂಟದೊಳಗೆ ಮೈಕು ಕೂರಿಸುವ ಉಪಾಯ ಹುಡುಕಿದರು. ‘ಆಂಪೆಗ್’ ಎಂಬ ಹೆಸರು ಬಂದದ್ದು ಅದರಿಂದ. 1960ರಲ್ಲಿ ಅವರ ಕಂಪನಿಗಾಗಿ ಜೆಸ್ ಆಲಿವರ್ ವಿನ್ಯಾಸ ಮಾಡಿದ ‘ಪೋರ್ಟಾಫ್ಲೆಕ್ಸ್ ಬಿ-15’ರ ಶಕ್ತಿ 25 ವಾಟ್ ಆಸುಪಾಸು, ಬಾಸ್‌ಮ್ಯಾನಿಗಿಂತ ಹೆಚ್ಚೇನಲ್ಲ. ಸ್ಪೀಕರೂ ಮೊದಲ ಬಾಸ್‌ಮ್ಯಾನಿನಂತೆ 15 ಇಂಚಿನದು, ಒಂದೇ. ವ್ಯತ್ಯಾಸವಿದ್ದುದು ಮರಗೆಲಸದಲ್ಲಿ. ಪೆಟ್ಟಿಗೆಯನ್ನು ಹಿಂದೆ ಮುಚ್ಚಿ, ಮುಂದೆ ಎರಡು ಹಲಗೆಗಳ ನಡುವೆ ಗಾಳಿ ಓಡಾಡಲು ಲೆಕ್ಕಹಾಕಿದ ದಾರಿ ಬಿಟ್ಟಿದ್ದರು. ಆಂಪ್ಲಿಫೈಯರನ್ನು ಮಗುಚಿ ಪೆಟ್ಟಿಗೆಯೊಳಗೇ ಇಳಿಸಿ ಹೊತ್ತೊಯ್ಯಬಹುದಾಗಿತ್ತು. ಸಣ್ಣ ಸಭಾಂಗಣಕ್ಕೂ ಸ್ಟುಡಿಯೊಗೂ ಈ ಪೆಟ್ಟಿಗೆ ದಶಕಗಳ ಕಾಲ ಮಾನದಂಡವಾಗಿ ನಿಂತಿತು. ಅಷ್ಟೇ ವಾಟ್, ಅಷ್ಟೇ ಅಗಲದ ಕೋನು; ಬದಲಾದದ್ದು ಹಲಗೆಯನ್ನು ಜೋಡಿಸಿದ ವಿವೇಕ. ಬೇಸಿನ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ಪ್ರಯೋಗ ಇನ್ನೊಂದಿಲ್ಲ ಎಂದೇ ಹೇಳಬೇಕು.

ಆ ವಿವೇಕಕ್ಕೆ ಒಂದು ಸೂತ್ರದ ರೂಪ ಕೊಟ್ಟವರು ಜೆ. ಆಂಟನ್ ಹಾಫ್‌ಮನ್. ಖ್ಯಾತ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್ ಅವರ ಮಗ. ಕೆಎಲ್ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನಲ್ಲಿ ಎಚ್ ಎಂದರೆ ಇವರೇ. ಪೆಟ್ಟಿಗೆ ಚಿಕ್ಕದಿರಬೇಕು, ಸ್ವರ ಆಳಕ್ಕೆ ಇಳಿಯಬೇಕು, ಕಡಿಮೆ ಶಕ್ತಿಯಲ್ಲಿ ಜೋರಾಗಿ ನುಡಿಯಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಮಾತ್ರ ಈಡೇರಿಸಬಹುದು ಎನ್ನುವುದು ಅವರ ಹೆಸರಿನಲ್ಲಿ ನಿಂತ ‘ಉಕ್ಕಿನ ನಿಯಮ’. ಲೆಕ್ಕ ನಿಜಕ್ಕೂ ಕಠೋರವಾದದ್ದು. ಪೆಟ್ಟಿಗೆ ಇಳಿಯುವ ಆಳವನ್ನು ಒಂದು ಸ್ಥಾಯಿ ಕೆಳಕ್ಕೆ, ಅಂದರೆ 80 ಹರ್ಟ್ಸ್‌ನಿಂದ 40ಕ್ಕೆ, ಒಯ್ಯಬೇಕೆಂದರೆ ಪೆಟ್ಟಿಗೆಯ ಗಾತ್ರ ಎಂಟು ಪಟ್ಟಾಗಬೇಕು. ಗಾತ್ರ ಹೆಚ್ಚಿಸಲಾರೆವೆಂದರೆ ಅದೇ ಜೋರಿಗೆ ಎಂಟು ಪಟ್ಟು ವಿದ್ಯುತ್ ಸುರಿಯಬೇಕು. ಇದರ ಜೊತೆಗೆ, ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಅದೇ ಮಟ್ಟದ ಸದ್ದಿಗೆ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಅಗ್ಗದ ಪೆಟ್ಟಿಗೆಗಳ ಮೋಸ ಇರುವುದು ಇಲ್ಲೇ. ಹಿಂದಿನ ಫಲಕದಲ್ಲಿ 500 ವಾಟ್ ಎಂದು ಬರೆದಿರುತ್ತದೆ; ಸ್ಪೀಕರಿನೊಳಗಿನ ತಂತಿಸುರುಳಿ ಸುಡದೆ ತಾಳಿಕೊಳ್ಳುವ ಶಾಖದ ಲೆಕ್ಕ ಅದು. ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ಅದರ ಅರ್ಧ ಶಕ್ತಿಗೇ ಕೋನು ತನ್ನ ಚಲನೆಯ ಕೊನೆ ಮುಟ್ಟಿ ಬಡಿದುಕೊಳ್ಳತೊಡಗುತ್ತದೆ. ಕೊಳ್ಳುವವರು ವಾಟ್ ಎಷ್ಟು ಎಂದು ಕೇಳುತ್ತಾರೆ. ಕೇಳಬೇಕಾದದ್ದು ಪೆಟ್ಟಿಗೆಯ ಸಂವೇದಕತೆ ಎಷ್ಟು ಡೆಸಿಬೆಲ್ ಎಂದು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ನುಡಿಯುವ ಪೆಟ್ಟಿಗೆ, 97 ನುಡಿಯುವ ಪೆಟ್ಟಿಗೆಯ ಅರ್ಧ ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡುತ್ತದೆ. ಆ ಮೂರು ಡೆಸಿಬೆಲ್ಲಿಗೆ ಕೊಟ್ಟ ಹಣ ಎರಡರಷ್ಟು ಶಕ್ತಿಯ ಆಂಪ್ಲಿಫೈಯರ್ ಕೊಳ್ಳುವುದನ್ನು ತಪ್ಪಿಸುತ್ತದೆ. ಬಡವರ ಪಾಲಿಗೆ ಸಂವೇದಕತೆಯೇ ಉಳಿತಾಯ.

ಹಾಗಾದರೆ ಒಳ್ಳೆಯ ಪೆಟ್ಟಿಗೆ ಎಂದೆಂದಿಗೂ ಉಳ್ಳವರದೇ ಎನ್ನುವಂತಿಲ್ಲ. ಅಗ್ಗವಾದದ್ದು ಮರವಲ್ಲ, ತಿಳಿವಳಿಕೆ. 1961ರಲ್ಲಿ ಲಿವರ್‌ಪೂಲಿನ ಪಾಲ್ ಮೆಕಾರ್ಟ್ನಿ ಬೇಸ್ ಹಿಡಿದಾಗ ಕೈಯಲ್ಲಿದ್ದುದು ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್. ಫೆಂಡರಿನ ಬೆಲೆ ಅದರ ಮೂರು ಪಟ್ಟಿನಷ್ಟಿತ್ತು. ಬೆನ್ನ ಹಿಂದೆ ಇದ್ದುದು ಯಾವ ಕಂಪನಿಯದೂ ಅಲ್ಲದ ಪೆಟ್ಟಿಗೆ. ಅದೇ ಊರಿನ ಇನ್ನೊಂದು ತಂಡದ ಗಿಟಾರ್ ವಾದಕ ಏಡ್ರಿಯನ್ ಬಾರ್ಬರ್ 15 ಇಂಚಿನ ಸ್ಪೀಕರನ್ನು ಎತ್ತರದ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮನೆಯಲ್ಲಿ ಹಾಡು ಕೇಳಲು ಮಾಡಿದ್ದ ಕ್ವಾಡ್ ಆಂಪ್ಲಿಫೈಯರಿಗೆ ಹೊಂದಿಸಿ ಕಟ್ಟಿಕೊಟ್ಟಿದ್ದರು. ಅದರ ಆಕಾರ ನೋಡಿ ಹುಡುಗರು ಶವಪೆಟ್ಟಿಗೆ ಎನ್ನುತ್ತಿದ್ದರು. ಕೈಗೆಲಸ ಬಲ್ಲವನಿಗೂ ಆ ಕಾಲದಲ್ಲಿ ಪೆಟ್ಟಿಗೆಯ ಅಳತೆ ಬಹುಮಟ್ಟಿಗೆ ಅಂದಾಜಿನದೇ. ಅದೇ 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಗಾಳಿಕಿಂಡಿಯುಳ್ಳ ಪೆಟ್ಟಿಗೆಗಳ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ದೇಶದಾಚೆ ಅದು ಹತ್ತು ವರ್ಷ ಹೆಚ್ಚುಕಡಿಮೆ ಅಜ್ಞಾತವಾಗಿತ್ತು. 1971ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರುಗಳ ಸಂಘದ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿಯಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಸ್ಪೀಕರಿನ ಕೆಲವೇ ಅಳತೆಗಳು ಗೊತ್ತಿದ್ದರೆ ಅದಕ್ಕೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು, ಕಿಂಡಿ ಎಷ್ಟುದ್ದ ಇರಬೇಕು ಎಂಬುದನ್ನು ಗರಗಸ ಮುಟ್ಟುವ ಮೊದಲೇ ಹೇಳಬಹುದಾಯಿತು. ಥೀಲ್-ಸ್ಮಾಲ್ ಅಳತೆಗಳೆಂದು ಇಂದು ಪ್ರತಿ ಬಿಡಿ ಸ್ಪೀಕರಿನ ಜೊತೆ ಬರುವ ಆ ಪಟ್ಟಿ, ಸಾಮಾನ್ಯರ ಪಾಲಿಗೆ ಬೇಸ್ ಪೆಟ್ಟಿಗೆಯ ಇತಿಹಾಸದ ಅತಿ ದೊಡ್ಡ ರಿಯಾಯಿತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿ ಸ್ಪೀಕರ್ ಕೊಂಡು, ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿಕೊಳ್ಳುವವರಿಗೂ ಅದೇ ಗಣಿತ ಉಚಿತವಾಗಿ ಒದಗುತ್ತದೆ. ಶರತ್ತು ಒಂದೇ, ಆ ಪಟ್ಟಿ ಇಲ್ಲದ ಸ್ಪೀಕರನ್ನು ಕೊಳ್ಳಬಾರದು.

ಇಲ್ಲೊಂದು ಆಕ್ಷೇಪ ಎದ್ದೇ ಏಳುತ್ತದೆ, ಅದು ಬಲವಾದದ್ದೂ ಹೌದು. ಜಗತ್ತಿನ ಅತಿ ಪ್ರಸಿದ್ಧ ಬೇಸ್ ಪೆಟ್ಟಿಗೆ ಆಂಪೆಗ್ ಕಂಪನಿಯದು, 1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಪ್ರವಾಸದೊಂದಿಗೆ ಹೆಸರಾದ ಎಸ್‌ವಿಟಿಯ ಎಂಟು ಸ್ಪೀಕರುಗಳ ಪೆಟ್ಟಿಗೆ. ಎಂಟೂ 10 ಇಂಚಿನವು. ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ಅದರ ಈಚಿನ ರೂಪಕ್ಕೆ ತಯಾರಕರೇ ಕೊಡುವ ಲೆಕ್ಕದ ಪ್ರಕಾರ 58 ಹರ್ಟ್ಸ್‌ನಿಂದ ಕೆಳಗೆ ಸದ್ದು ಇಳಿಯತೊಡಗುತ್ತದೆ, 40 ಹರ್ಟ್ಸ್ ಬಳಿ ಹತ್ತು ಡೆಸಿಬೆಲ್ ಕುಗ್ಗಿರುತ್ತದೆ. ಅಂದರೆ ಬೇಸಿನ ಅತಿ ಕೆಳಗಿನ ಸ್ವರದ ಮೂಲಕಂಪನವನ್ನು ಈ ದೈತ್ಯವೂ ಪೂರ್ತಿಯಾಗಿ ಕೊಡುವುದಿಲ್ಲ. ಅಷ್ಟು ದೊಡ್ಡದರಿಂದಲೇ ಆಗದಿದ್ದ ಮೇಲೆ ಆಳದ ಮಾತೇಕೆ, ಯಾವ ಪೆಟ್ಟಿಗೆಯಾದರೇನು ಎಂದು ಕೇಳಬಹುದು. ಉತ್ತರ ನಮ್ಮ ಕಿವಿಯಲ್ಲಿದೆ. ಮೂಲಕಂಪನ ಇಲ್ಲದಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಸರಿಯಾದ ಲೆಕ್ಕದಲ್ಲಿ ಬಂದರೆ ಕಿವಿ ಇಲ್ಲದ ಮೂಲಸ್ವರವನ್ನೇ ಕೇಳಿಸಿಕೊಳ್ಳುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲಿ ಸೈರನ್ ಯಂತ್ರಗಳಿಂದ ಇದನ್ನು ತೋರಿಸಿದ್ದರು. ಕನ್ನಡಿಗರು ಇದನ್ನು ಪ್ರಯೋಗಶಾಲೆ ಇಲ್ಲದೆ ಅನುಭವಿಸಿದ್ದಾರೆ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳ ಬೇಸ್ ನಡೆಯನ್ನು ಬಹುಪಾಲು ಕೇಳುಗರು ಮೊದಲು ಕೇಳಿದ್ದು ಅಂಗೈಯಗಲದ ಸ್ಪೀಕರಿನ ರೇಡಿಯೊ, ಟೇಪ್ ರೆಕಾರ್ಡರುಗಳಲ್ಲಿ. ಅಂಥ ಸ್ಪೀಕರಿಗೆ 41 ಹರ್ಟ್ಸ್ ಇರಲಿ, 100 ಹರ್ಟ್ಸ್ ಕೂಡ ಸರಿಯಾಗಿ ಎಟುಕದು. ಆದರೂ ನಡೆ ಕೇಳಿಸಿತು, ಗುನುಗಲೂ ಬಂತು. ಹಾಗೆಂದು ರೇಡಿಯೊ ಸ್ಪೀಕರನ್ನು ವೇದಿಕೆಗೆ ತರಲಾಗದು. ಎಸ್‌ವಿಟಿ ಪೆಟ್ಟಿಗೆ ಬಿಟ್ಟುಕೊಟ್ಟದ್ದು ಅತಿ ಕೆಳಗಿನ ಅರ್ಧ ಸ್ಥಾಯಿಯನ್ನು. ಪಡೆದದ್ದು 60ರಿಂದ 200 ಹರ್ಟ್ಸ್‌ವರೆಗಿನ, ಕಿವಿ ಮೂಲಸ್ವರವನ್ನು ಕಟ್ಟಿಕೊಳ್ಳಲು ಬೇಕಾದ ಉಪಸ್ವರಗಳ ಪ್ರಚಂಡ ಶಕ್ತಿಯನ್ನು. ಹಾಫ್‌ಮನ್ ಹೇಳಿದ ಮೂರರಲ್ಲಿ ಯಾವುದನ್ನು ಕೈಬಿಡಬೇಕೆಂದು ಅದರ ವಿನ್ಯಾಸಕಾರರಿಗೆ ಗೊತ್ತಿತ್ತು. ಇಂದು ಅಗ್ಗದ ಸಣ್ಣ ಪೆಟ್ಟಿಗೆಗಳ ಜಾಹೀರಾತು 35 ಹರ್ಟ್ಸ್‌ವರೆಗೆ ಇಳಿಯುತ್ತದೆಂದು ಹೇಳಿದರೆ, ಅದಕ್ಕಾಗಿ ಬಲಿಕೊಟ್ಟದ್ದು ಜೋರನ್ನು ಎಂದೇ ತಿಳಿಯಬೇಕು. ಡ್ರಮ್ಮಿನ ಪಕ್ಕ ನಿಲ್ಲುವ ವಾದಕರಿಗೆ 60 ಹರ್ಟ್ಸ್‌ನಲ್ಲಿ ಗಟ್ಟಿಯಾಗಿ ನಿಲ್ಲುವ ಪೆಟ್ಟಿಗೆಯೇ ಮೇಲು.

ಪೆಡಲಿನ ಕಥೆ ಇದಕ್ಕಿಂತ ಹಗುರ, ಅದರ ಬೆಲೆಯೂ ಹಾಗೆಯೇ. ಈ ಕಥೆಯ ಆರಂಭದಲ್ಲೂ ಬೇಸ್ ಇದೆ ಎನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಅವರ ಒಂದು ಹಾಡಿನ ಧ್ವನಿಮುದ್ರಣ ನ್ಯಾಶ್‌ವಿಲ್ಲಿನಲ್ಲಿ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಆರು ತಂತಿಯ ಬೇಸ್ ಮಿಕ್ಸರಿನ ಕೆಟ್ಟ ಚಾನೆಲೊಂದರ ಮೂಲಕ ಹಾಯ್ದು ಗರಗರ ಸದ್ದಾಗಿ ಹೊರಬಂತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಡುಕನ್ನೇ ಟ್ರಾನ್ಸಿಸ್ಟರಿನಲ್ಲಿ ಮರುಸೃಷ್ಟಿಸುವ ದಾರಿ ಹುಡುಕಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ‘ಮಾಸ್ಟ್ರೊ ಫಜ್-ಟೋನ್’ ಎಂದು ಮಾರಿತು. ಅದೇ ಕಾಲದಲ್ಲಿ ಆ ಸರ್ಕ್ಯೂಟನ್ನು ಮೈಯೊಳಗೇ ಅಡಗಿಸಿಕೊಂಡ ಬೇಸ್ ಗಿಟಾರೊಂದನ್ನೂ ಗಿಬ್ಸನ್ ತಂದಿತ್ತು. ಪೆಡಲಿನ ಬೆಲೆ 40 ಡಾಲರ್, ಇಂದಿನ ಲೆಕ್ಕದಲ್ಲಿ ಸುಮಾರು 400. ಒಳಗಿದ್ದುದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು. 1966ರಲ್ಲಿ ಲಂಡನ್ನಿನಿಂದ ಬಂದ ‘ಫಜ್ ಫೇಸ್’ನಲ್ಲಿ ಎರಡೇ ಟ್ರಾನ್ಸಿಸ್ಟರು, ಒಟ್ಟು ಹನ್ನೊಂದು ಬಿಡಿಭಾಗಗಳು. ನ್ಯೂಯಾರ್ಕಿನಲ್ಲಿ ಮೈಕ್ ಮ್ಯಾಥ್ಯೂಸ್ 1968ರಲ್ಲಿ ಕಟ್ಟಿದ ಎಲೆಕ್ಟ್ರೊ-ಹಾರ್ಮೊನಿಕ್ಸ್, ರಾಚೆಸ್ಟರಿನ ಎಂಎಕ್ಸ್ಆರ್, 1977ರಿಂದ ಗಟ್ಟಿ ಲೋಹದ ಪುಟ್ಟ ಪೆಡಲುಗಳ ಸಾಲನ್ನೇ ತಂದ ಜಪಾನಿನ ಬಾಸ್, ಹೀಗೆ ಒಬ್ಬೊಬ್ಬರೂ ಬೆಲೆಯನ್ನು ಇಳಿಸಿದರು. ಇಂದು ಫಜ್ ಪೆಡಲೊಂದು ಮೂವತ್ತು ಡಾಲರಿನ ಆಸುಪಾಸಿಗೆ ಸಿಗುತ್ತದೆ. ಜಪಾನಿನ ಜೂಮ್ 2013ರಲ್ಲಿ ಬೇಸಿಗೆಂದೇ ತಂದ ಅಂಗೈಯಗಲದ ಡಿಜಿಟಲ್ ಪೆಡಲಿನೊಳಗೆ ಕಂಪ್ರೆಸರ್, ಕೋರಸ್, ಫಜ್, ಆಂಪ್ಲಿಫೈಯರುಗಳ ಅನುಕರಣೆ ಎಲ್ಲ ಸೇರಿ ಹತ್ತಾರು ನಾದಗಳಿದ್ದವು. ಒಂದು ಕಾಲದಲ್ಲಿ ಇಷ್ಟಕ್ಕೆ ಒಂದು ಸೂಟ್‌ಕೇಸ್ ತುಂಬ ಪೆಡಲುಗಳೇ ಬೇಕಿದ್ದವು.

ಬೆಲೆ ಇಳಿಯಿತೆಂದು ಸಿಕ್ಕಿದ್ದೆಲ್ಲ ಬೇಸಿಗೆ ಒಗ್ಗುವುದಿಲ್ಲ. ಬಹುಪಾಲು ಪೆಡಲುಗಳು ಗಿಟಾರಿಗಾಗಿ ಹುಟ್ಟಿದವು, ಗಿಟಾರಿನ ಹಿತಕ್ಕಾಗಿ ಮಂದ್ರವನ್ನು ಉದ್ದೇಶಪೂರ್ವಕವಾಗಿ ಕತ್ತರಿಸುವಂಥವು. 1979ರ ಐಬಾನೆಜ್ ‘ಟ್ಯೂಬ್ ಸ್ಕ್ರೀಮರ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರೊಳಗಿನ 4.7 ಕಿಲೊ-ಓಮ್ ರೆಸಿಸ್ಟರ್, 0.047 ಮೈಕ್ರೊಫ್ಯಾರಡ್ ಕೆಪಾಸಿಟರ್ ಎರಡೂ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಹೆಚ್ಚುವರಿ ಬಲ ಸಿಗದಂತೆ ನೋಡಿಕೊಳ್ಳುತ್ತವೆ. ಗಿಟಾರಿನ ಗಲಿಬಿಲಿ ಅದರಿಂದ ತಪ್ಪುತ್ತದೆ. ಬೇಸಿನ ಬೆನ್ನೆಲುಬೇ ಕಳೆದುಹೋಗುತ್ತದೆ. ವಾದಕರು ಇದಕ್ಕೆ ಪರಿಹಾರವನ್ನು ತಾವೇ ಕಂಡುಕೊಂಡರು. ಬೇಸ್ ವಾದಕ ಬಿಲ್ಲಿ ಶೀಹನ್ ತಮ್ಮ ಫೆಂಡರ್ ಬೇಸಿನ ಕತ್ತಿನ ಬಳಿ ಇನ್ನೊಂದು ಪಿಕಪ್ ಕೂರಿಸಿ, ಎರಡು ಪ್ರತ್ಯೇಕ ಕೇಬಲ್ ಹೊರತಂದರು: ಮಂದ್ರ ಒಂದು ದಾರಿಯಲ್ಲಿ ಶುದ್ಧವಾಗಿ, ಮೇಲಿನದು ಇನ್ನೊಂದು ದಾರಿಯಲ್ಲಿ ಕೆರಳಿ. ಎರಡು ಆಂಪ್ಲಿಫೈಯರ್ ಕೇಳುವ ಈ ದುಬಾರಿ ಉಪಾಯವನ್ನು ಒಂದು ಗುಂಡಿಯಲ್ಲಿ ಅಡಕಗೊಳಿಸಿದ್ದು ಪೆಡಲಿನ ಚರಿತ್ರೆಯಲ್ಲಿ ಬೇಸ್ ವಾದಕರಿಗೆ ಸಿಕ್ಕ ನಿಜವಾದ ಗೆಲುವು. ಆಂಡ್ರ್ಯೂ ಬಾರ್ಟಾ ಅವರ ಟೆಕ್ 21 ಕಂಪನಿ 1992ರಲ್ಲಿ ತಂದ ‘ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್’ನಲ್ಲಿ ‘ಬ್ಲೆಂಡ್’ ಎಂಬ ಗುಂಡಿ ಇತ್ತು, ಎರಡು ವರ್ಷದ ಮೇಲೆ ಬಂದ ಬಾಸ್ ಕಂಪನಿಯ ಬೇಸ್ ಓವರ್‌ಡ್ರೈವಿನಲ್ಲಿ ಅದೇ ಕೆಲಸಕ್ಕೆ ‘ಬ್ಯಾಲೆನ್ಸ್’ ಇತ್ತು. ಶುದ್ಧ ನಾದಕ್ಕೆ ಕೆರಳಿದ ನಾದವನ್ನು ಬೇಕಾದಷ್ಟು ಬೆರೆಸಿಕೊಳ್ಳುವುದು ಇವುಗಳ ಕೆಲಸ. ಅಗ್ಗದ ಪೆಡಲು ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದು: ಶುದ್ಧ ಮಂದ್ರ ಇದರೊಳಗೆ ದಾರಿ ಕಂಡುಕೊಂಡು ಹೊರಬರುತ್ತದೆಯೇ? ಬರುವುದಾದರೆ ಅದರ ಮೇಲಿನ ಹೆಸರು ಯಾವುದಾದರೂ ಆಗಲಿ. ರಷ್ಯಾದಲ್ಲಿ 1990ರ ದಶಕದಲ್ಲಿ ತಯಾರಾದ ಹಸಿರು ಬಣ್ಣದ ‘ಬಿಗ್ ಮಫ್’ ಪೆಡಲುಗಳನ್ನು ಬೇಸ್ ವಾದಕರು ಅಪ್ಪಿಕೊಂಡದ್ದೂ ಅವು ಅಗ್ಗವಾಗಿದ್ದು, ಮಂದ್ರವನ್ನು ಉಳಿಸಿಕೊಡುತ್ತಿದ್ದುದರಿಂದ. ಆ ಒರಟು ತಗಡಿನ ಪೆಡಲುಗಳಿಗೆ ಈಗ ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ.

ಕೈಯಿಂದ ಕಟ್ಟಿದ ದುಬಾರಿ ಪೆಡಲುಗಳ ನಾದವೇ ಬೇರೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿರುವುದು ಸ್ವಿಚ್ಚು, ಸಾಕೆಟ್ಟು, ಕವಚದ ವಿಷಯದಲ್ಲಿ. ಪ್ಲಾಸ್ಟಿಕ್ ಕವಚದ ಪೆಡಲು ಊರೂರು ತಿರುಗುವ ತಂಡದ ತುಳಿತಕ್ಕೆ ಬಹುಕಾಲ ನಿಲ್ಲದು. ವಾರಕ್ಕೆರಡು ಕಾರ್ಯಕ್ರಮ ಮಾಡುವವರು ಲೋಹದ್ದನ್ನೇ ಕೊಳ್ಳುವುದು ನ್ಯಾಯ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನಾದದ ವಿಷಯದಲ್ಲಿ ಮಾತ್ರ ಆ ಮಾತು ನಿಲ್ಲುವುದಿಲ್ಲ. ಹನ್ನೊಂದು ಬಿಡಿಭಾಗಗಳ ಸರ್ಕ್ಯೂಟಿನಲ್ಲಿ ರಹಸ್ಯ ಅಡಗಲು ಜಾಗ ಕಡಿಮೆ. ಇನ್ನೊಂದು ಆಕ್ಷೇಪ ನೈತಿಕವಾದದ್ದು: ಅಗ್ಗದ ಪೆಡಲುಗಳೆಲ್ಲ ಇನ್ನೊಬ್ಬರ ವಿನ್ಯಾಸದ ನಕಲು. ಬೆರಿಂಗರ್ ಕಂಪನಿಯ ಪೆಡಲುಗಳು ತನ್ನವನ್ನು ಹೋಲುತ್ತವೆಂದು ಬಾಸ್ ಪೆಡಲುಗಳ ಮಾತೃಸಂಸ್ಥೆ ರೋಲ್ಯಾಂಡ್ 2005ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಹೋಗಿತ್ತು. ಹೊರರೂಪವನ್ನು ಕದಿಯುವುದು ಕೊಳ್ಳುವವರನ್ನು ದಾರಿತಪ್ಪಿಸುವ ಕೆಲಸ, ಅದನ್ನು ಸಮರ್ಥಿಸಲಾರೆ. ಸರ್ಕ್ಯೂಟನ್ನು ಕಲಿತು ಮತ್ತೆ ಕಟ್ಟುವುದು ಬೇರೆ. ಹಾಗಿಲ್ಲದಿದ್ದರೆ ಬಾಸ್‌ಮ್ಯಾನಿನಿಂದ ಹುಟ್ಟಿದ ಮಾರ್ಷಲ್ಲನ್ನೂ ತಿರಸ್ಕರಿಸಬೇಕಾಗುತ್ತದೆ. ಈ ಕಸುಬು ಬೆಳೆದದ್ದೇ ಒಬ್ಬರದನ್ನು ಇನ್ನೊಬ್ಬರು ಬಿಚ್ಚಿ ನೋಡಿ. ಅಗ್ಗದ ಸಾಮಾನು ಇಲ್ಲದೆ ಲಿವರ್‌ಪೂಲ್, ಡೆಟ್ರಾಯಿಟ್‌ಗಳ ದುಡಿಯುವ ಮನೆಗಳ ಮಕ್ಕಳು ಈ ವಾದ್ಯವನ್ನು ಮುಟ್ಟುತ್ತಲೇ ಇರಲಿಲ್ಲ.

ಡೆಟ್ರಾಯಿಟ್ ಹೆಸರು ಬಂದದ್ದರಿಂದ ನನ್ನ ವಾದಕ್ಕೆ ಎದುರಾಗುವ ಅತಿ ದೊಡ್ಡ ಪ್ರಶ್ನೆಗೂ ಬರಬೇಕು. ಅಲ್ಲಿನ ಮೋಟೌನ್ ಸ್ಟುಡಿಯೊದಲ್ಲಿ 1960ರ ದಶಕದ ಜೇಮ್ಸ್ ಜಾಮರ್ಸನ್ ಅವರ ಬೇಸ್ ಬಹುಮಟ್ಟಿಗೆ ನೇರವಾಗಿ ಮಿಕ್ಸರಿಗೇ ಹೋಗುತ್ತಿತ್ತು; ಪೆಟ್ಟಿಗೆಯ ಮುಂದೆ ಮೈಕು ಇಟ್ಟು ಹಿಡಿದದ್ದಲ್ಲ. ಪೆಡಲು ಇರಲಿಲ್ಲ. ತಂತಿಗಳು ತುಂಡಾಗುವವರೆಗೂ ಬದಲಾಗುತ್ತಿರಲಿಲ್ಲ. ಜಗತ್ತಿನ ಅತ್ಯುತ್ತಮ ಬೇಸ್ ಧ್ವನಿಮುದ್ರಣಗಳಲ್ಲಿ ಕೆಲವು ಹೀಗೆ ಪೆಟ್ಟಿಗೆಯೇ ಇಲ್ಲದೆ ಆದವು. ಈಗಂತೂ ಪೆಟ್ಟಿಗೆಯ ನಾದವನ್ನು ಅನುಕರಿಸುವ ಪೆಡಲುಗಳಿವೆ, ಕಿವಿಯೊಳಗೇ ಕೇಳುವ ಮಾನಿಟರುಗಳಿವೆ. ನಮ್ಮ ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿ ಕಾರ್ಯಕ್ರಮಗಳಲ್ಲೂ ಬೇಸಿನ ಕೇಬಲ್ ನೇರ ಸೌಂಡ್‌ನವರ ಮಿಕ್ಸರಿಗೆ ಹೋಗುವುದು ಸಾಮಾನ್ಯ. ಹಾಗಿದ್ದರೆ ಪೆಟ್ಟಿಗೆಗೆ ಹಣ ಏಕೆ? ಮನೆಯಲ್ಲಿ ಧ್ವನಿಮುದ್ರಿಸುವವರಿಗೆ, ಯಾವಾಗಲೂ ದೊಡ್ಡ ವೇದಿಕೆಯಲ್ಲೇ ನುಡಿಸುವವರಿಗೆ ನಾನು ಸೋಲೊಪ್ಪುತ್ತೇನೆ. ಅವರಿಗೆ ಬೇಸನ್ನು ನೇರ ಮಿಕ್ಸರಿಗೆ ಕಳುಹಿಸುವ ಒಳ್ಳೆಯ ಡಿಐ ಪೆಡಲೊಂದು ಸಾಕು. ಆದರೆ ಅಲ್ಲಿಯೂ ಗಾಳಿ ತಳ್ಳುವ ಖರ್ಚು ಮಾಯವಾಗಿಲ್ಲ, ಬೇರೊಬ್ಬರ ಹೆಗಲಿಗೆ ಹೋಗಿದೆ. ಸೌಂಡ್‌ನವರ 18 ಇಂಚಿನ ಬಾಕ್ಸುಗಳು, ಅವುಗಳನ್ನು ಹೊತ್ತ ಲಾರಿ, ಇಳಿಸುವ ಆಳುಗಳು, ಎಲ್ಲದರ ಲೆಕ್ಕ ಆಯೋಜಕರ ಬಿಲ್ಲಿನಲ್ಲಿರುತ್ತದೆ. ಆ ಬಾಕ್ಸುಗಳು ಇಲ್ಲದ ಕಡೆ, ಅಂದರೆ ತಾಲೀಮಿನ ಕೋಣೆಯಲ್ಲಿ, ಕಾಲೇಜಿನ ಸಭಾಂಗಣದಲ್ಲಿ, ಹಾಡುಗಾರರಿಗಷ್ಟೇ ಸಾಲುವ ಎರಡು ಬಾಕ್ಸಿನ ಸಣ್ಣ ಹೋಟೆಲಿನಲ್ಲಿ, ಬೇಸ್ ವಾದಕರು ತಮ್ಮ ಗಾಳಿಯನ್ನು ತಾವೇ ತಳ್ಳಬೇಕು. ಕಡಿಮೆ ಹಣದವರು ಹೆಚ್ಚಾಗಿ ನುಡಿಸುವುದೂ ಅಂಥ ಜಾಗಗಳಲ್ಲೇ.

ಪೆಟ್ಟಿಗೆಯ ಬೆಲೆ ಅಷ್ಟು ಇಳಿಯಲಿಲ್ಲ ಎಂದೆ, ಇಳಿದದ್ದು ತೂಕ. 1969ರ ಎಸ್‌ವಿಟಿ ಆಂಪ್ಲಿಫೈಯರ್ ತಲೆಯೊಂದೇ ನಲವತ್ತು ಕಿಲೊ ಆಸುಪಾಸು ತೂಗುತ್ತಿತ್ತು, 300 ವಾಟ್‌ಗಾಗಿ. ಇಂದು ಅದಕ್ಕಿಂತ ಹೆಚ್ಚು ವಾಟ್ ಕೊಡುವ, ಕ್ಲಾಸ್-ಡಿ ಎಂಬ ಬಗೆಯ ಸರ್ಕ್ಯೂಟಿನ ತಲೆ ಮೂರು ಕಿಲೊ ಒಳಗಿದೆ. ಇದು ಮತ್ತೆ ಎಲೆಕ್ಟ್ರಾನಿಕ್ಸಿನ ಗೆಲುವು. ಪೆಟ್ಟಿಗೆ ಅಷ್ಟು ಬೇಗ ಸೊರಗಲಿಲ್ಲ. 1980ರ ದಶಕದಲ್ಲಿ ಜಪಾನ್, ಅಮೆರಿಕಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದ ನಿಯೋಡಿಮಿಯಂ ಆಯಸ್ಕಾಂತ ಸ್ಪೀಕರುಗಳನ್ನು ಹಗುರ ಮಾಡಿತು, ಆದರೆ ಅಗ್ಗ ಮಾಡಲಿಲ್ಲ. ಅದಿರಿನ ಬಹುಪಾಲು ಚೀನಾದ ಹಿಡಿತದಲ್ಲಿದ್ದು, 2011ರಲ್ಲಿ ಬೆಲೆ ಒಮ್ಮೆಲೇ ನೆಗೆದಾಗ ಸ್ಪೀಕರ್ ತಯಾರಕರೆಲ್ಲ ಕಂಗಾಲಾದರು. ಚೀನಾದ ಕಾರ್ಖಾನೆಗಳಿಂದ ಬರುವ ಅಗ್ಗದ ಪೆಟ್ಟಿಗೆಗಳು ನನ್ನ ಮಾತನ್ನು ಸುಳ್ಳಾಗಿಸುವುದಿಲ್ಲವೇ ಎಂದರೆ, ಅವು ಅಗ್ಗವಾದದ್ದು ಕೂಲಿಯಲ್ಲಿ, ಪ್ಲೈವುಡ್ಡಿನ ಬದಲು ಮರದ ಪುಡಿಯ ಹಲಗೆ ಬಳಸಿದ್ದರಲ್ಲಿ, ಚಿಕ್ಕ ಆಯಸ್ಕಾಂತದಲ್ಲಿ, ಕಳೆದುಕೊಂಡದ್ದು ಸಂವೇದಕತೆಯನ್ನು. ಜಾಣ ಕೊಳ್ಳುಗರು ನೋಡಬೇಕಾದದ್ದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಭಾರದ ಪೆಟ್ಟಿಗೆಗಳ ಕಡೆ. ಬೆನ್ನುನೋವಿಗೆ ಹೆದರಿ ಎಲ್ಲರೂ ಹಗುರದವನ್ನು ಅರಸುತ್ತಿರುವುದರಿಂದ, ಸೆರಾಮಿಕ್ ಆಯಸ್ಕಾಂತದ, ದಪ್ಪ ಪ್ಲೈವುಡ್ಡಿನ ನಾಲ್ಕು 10 ಇಂಚಿನ ಅಥವಾ ಒಂದು 15 ಇಂಚಿನ ಹಳೆಯ ಪೆಟ್ಟಿಗೆಗಳು ತಮ್ಮ ಯೋಗ್ಯತೆಗಿಂತ ಬಹಳ ಕಡಿಮೆಗೆ ಹೋಗುತ್ತಿವೆ. ಕೋನಿನ ಅಂಚು ಹರಿದಿಲ್ಲವೆಂದು, ಕೈಯಿಂದ ಮೆಲ್ಲನೆ ಒತ್ತಿದಾಗ ಸುರುಳಿ ಉಜ್ಜುವುದಿಲ್ಲವೆಂದು ನೋಡಿಕೊಂಡರೆ ಆ ಪೆಟ್ಟಿಗೆಗೆ ಇನ್ನೂ ಇಪ್ಪತ್ತು ವರ್ಷ ಆಯುಸ್ಸಿದೆ.

ಒಂದೇ ಸಲಕ್ಕೆ ದೊಡ್ಡದು ಕೊಳ್ಳಲಾಗದವರಿಗೆ ವಿದ್ಯುತ್ ತಡೆಯ ಓಮ್ ಲೆಕ್ಕ ಒಂದು ದಾರಿ ತೆರೆದಿಟ್ಟಿದೆ. ಈ ವರ್ಷ 8 ಓಮ್‌ನ ಒಂದು ಪೆಟ್ಟಿಗೆ, ಮುಂದೆ ಕೈ ಸಡಿಲವಾದಾಗ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು. ಎರಡೂ ಸೇರಿ 4 ಓಮ್ ಆಗುತ್ತವೆ, ಆಂಪ್ಲಿಫೈಯರ್ ಆಗ ತನ್ನ ಪೂರ್ತಿ ಶಕ್ತಿ ಬಿಡುತ್ತದೆ, ಕೋನುಗಳ ಹರಹೂ ಇಮ್ಮಡಿಯಾಗುತ್ತದೆ; ಎಲ್ಲ ಕೂಡಿ ಆರು ಡೆಸಿಬೆಲ್ ಹತ್ತಿರದ ಲಾಭ. ಮೊದಲೇ 4 ಓಮ್‌ನದನ್ನು ಕೊಂಡರೆ ಎರಡನೆಯದನ್ನು ಸೇರಿಸಿದಾಗ ಹೊರೆ 2 ಓಮ್‌ಗೆ ಇಳಿದು, ಹೆಚ್ಚಿನ ಆಂಪ್ಲಿಫೈಯರುಗಳು ರಕ್ಷಣೆಗೆ ತಾವೇ ಆರಿಹೋಗುತ್ತವೆ, ಇಲ್ಲವೇ ಸುಟ್ಟುಹೋಗುತ್ತವೆ. ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಡದೆ ಒಂದರ ಮೇಲೊಂದು ನಿಲ್ಲಿಸಬೇಕು. ಆಗ ಮೇಲಿನದು ಕಿವಿಯ ಎತ್ತರಕ್ಕೆ ಬರುತ್ತದೆ, ಸದ್ದು ಸಭೆಯ ಅಗಲಕ್ಕೆ ಸಮವಾಗಿ ಹರಡುತ್ತದೆ, ನುಡಿಸುವವರಿಗೆ ತಮ್ಮ ಸ್ವರ ಕಡಿಮೆ ಜೋರಿನಲ್ಲೇ ಕೇಳಿಸುತ್ತದೆ.